ಮಾಂಸ ಬಿಟ್ಟವರಿಗೆ ಮಾಂಸದ ರುಚಿ ಯಾಕೆ ಬೇಕು?

ಆಫೀಸ್ ಕ್ಯಾಂಟೀನಿನಲ್ಲಿ ಮಧ್ಯಾಹ್ನ ಒಂದೂವರೆ. ಡಬ್ಬಿಯ ಮುಚ್ಚಳ ತೆಗೆದೆ. ಚಪಾತಿ, ಜೊತೆಗೆ ಮೀಲ್ ಮೇಕರ್ ಕೈಮಾ. ಚಕ್ಕೆ ಲವಂಗದ ಘಮ ಟೇಬಲ್ ತುಂಬಾ ಹರಡಿತು. ಎದುರಿಗೆ ಕೂತಿದ್ದ ಟೀಮಿನ ಹುಡುಗ ಮೂಗರಳಿಸಿ, "ಏನ್ ಗುರೂ, ಮತ್ತೆ ಶುರು ಹಚ್ಕೊಂಡ್ಯಾ?" ಅಂದ. ಇದು ಸೋಯಾ ಕಣೋ ಅಂದೆ. ಅವನಿಗೆ ಇನ್ನೂ ಖುಷಿಯಾಯ್ತು. "ಅಲ್ಲಪ್ಪಾ, ಬಿಟ್ಮೇಲೆ ಬಿಡಬೇಕು. ಮಾಂಸ ಬೇಡ, ಆದ್ರೆ ಮಾಂಸದ ರುಚಿ ಬೇಕು ಅಂದ್ರೆ ಯಾವ ನ್ಯಾಯ ಇದು?"

ಪಕ್ಕದಲ್ಲಿದ್ದ ಗೆಳತಿ ಶಿರಸಿ ಕಡೆಯವಳು, ಹುಟ್ಟಾ ಸಸ್ಯಾಹಾರಿ. ಕುತೂಹಲಕ್ಕೆ ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದು, ಕಷ್ಟಪಟ್ಟು ನುಂಗಿ, ನೀರು ಕುಡಿದಳು. "ಮಸಾಲೆ ಚೆನ್ನಾಗಿದೆ ಕಣೋ. ಆದ್ರೆ ಅಗಿಯುವಾಗ ಏನೋ ಒಂಥರಾ. ನನ್ನಿಂದಾಗಲ್ಲ."

ಒಂದೇ ಡಬ್ಬಿ. ಅವನಿಗೆ ಅದರಲ್ಲಿ ನಾಟಕ ಕಂಡಿತು, ಅವಳಿಗೆ ಹೇಸಿಗೆ ಅನ್ನಿಸಿತು. ನನಗೆ ಮಾತ್ರ ಅದು ಅಮ್ಮನ ಮನೆಯ ಭಾನುವಾರ. ಅವನ ಪ್ರಶ್ನೆಗೆ ಅವತ್ತು ನಕ್ಕು ಸುಮ್ಮನಾದೆ. ಆದರೆ ಪ್ರಶ್ನೆ ನ್ಯಾಯವಾದದ್ದೇ. ಉತ್ತರವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು ಅನ್ನಿಸಿತು.

ನಾಲಿಗೆ ಬಿಡಲಿಲ್ಲ, ನಾನು ಬಿಟ್ಟೆ

ನಮ್ಮದು ಮಂಡ್ಯದ ಕಡೆ. ಬನ್ನೂರು ಕುರಿಯ ಸೀಮೆ. ಭಾನುವಾರ ಅಂದ್ರೆ ಮಟನ್ ಸಾರು, ಮುದ್ದೆ. ಅದರಲ್ಲಿ ಚರ್ಚೆಗೆ ಜಾಗವೇ ಇರಲಿಲ್ಲ. ಆರು ವರ್ಷದ ಹಿಂದೆ ದೊಡ್ಡಮ್ಮನ ಮಗನ ಮದುವೆಯಾಗಿ ಬೀಗರೂಟ ಇಟ್ಟುಕೊಂಡಿದ್ದರು. ಬೆಳಗಿನ ಜಾವ ಹಿತ್ತಲಲ್ಲಿ ಕೆಲಸಕ್ಕೆ ಕೈ ಕೊಡಲು ಹೋದೆ. ಅದಕ್ಕೂ ಮುಂಚೆ ಎಷ್ಟೋ ಸಲ ನೋಡಿದ್ದೆ. ಅವತ್ತು ಮಾತ್ರ ಹಗ್ಗ ಹಿಡಿದುಕೊಂಡು ನಿಂತಿದ್ದವನು ನಾನು. ಮಧ್ಯಾಹ್ನ ಎಲೆ ಮುಂದೆ ಕೂತಾಗ ಕೈ ಏಳಲಿಲ್ಲ. ಇಷ್ಟೇ ಕಥೆ. ಯಾವ ಪುಸ್ತಕವೂ ಓದಿರಲಿಲ್ಲ, ಯಾರ ಭಾಷಣವೂ ಕೇಳಿರಲಿಲ್ಲ.

ನಾಲಿಗೆಗೆ ಮಾತ್ರ ಈ ವಿಷಯ ಯಾರೂ ತಿಳಿಸಿರಲಿಲ್ಲ. ಅದಕ್ಕೆ ಭಾನುವಾರ ಬಂದರೆ ಅದೇ ಸಾರು ಬೇಕು.

ನಾಲಿಗೆಗಿಂತ ದೊಡ್ಡ ಸಮಸ್ಯೆ ಮನೆಯಲ್ಲಿತ್ತು. "ನನ್ ಕೈ ಅಡ್ಗೇನೇ ಬ್ಯಾಡ್ವಾಯ್ತಾ ಮಗಾ ನಿಂಗೆ?" ಅಂತ ಅಮ್ಮ ಕೇಳಿದಾಗ ಏನು ಹೇಳಬೇಕೋ ತೋಚಲಿಲ್ಲ. ಚಿಕ್ಕಪ್ಪ ಎಲ್ಲರೆದುರು, "ಏನ್ಲಾ, ಬೆಂಗ್ಳೂರ್ಗೋಗಿ ಐನೋರಾಗ್ಬುಟ್ಯಾ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು. ಯಾಕೆಂದರೆ ಅದಕ್ಕೆ ಎರಡು ವರ್ಷ ಮುಂಚೆ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, "ನಾನ್‌ವೆಜ್ ತಿಂತೀರಾ?" ಅಂತ ಕೇಳಿ, ಹೌದು ಅಂದಿದ್ದಕ್ಕೆ ಗೇಟಿನಿಂದಲೇ ವಾಪಸ್ ಕಳಿಸಿದ್ದರು. ಅವತ್ತು ನನ್ನ ತಟ್ಟೆ ನೋಡಿ ನನ್ನನ್ನು ಅಳೆದವರ ಸಾಲಿಗೆ ನಾನೇ ಸೇರಿಬಿಟ್ಟೆನಾ ಅಂತ ಭಯವಾಯ್ತು.

ನಮ್ಮಲ್ಲಿ ಸಸ್ಯಾಹಾರ ಅನ್ನೋದು ಬರೀ ಹೊಟ್ಟೆಯ ವಿಷಯ ಅಲ್ಲ. ಅದರ ಹಿಂದೆ ಜಾತಿ ಇದೆ, ಮೇಲು ಕೀಳು ಇದೆ. ನಮ್ಮಂಥ ಮನೆಯವನು ಮಾಂಸ ಬಿಟ್ಟರೆ, "ನಿಮ್ಮ ತಟ್ಟೆ ಮೈಲಿಗೆ" ಅಂತ ಹೇಳಿದ ಹಾಗೆ ಮನೆಯವರಿಗೆ ಕೇಳಿಸುತ್ತೆ. ನಾನು ಹಾಗೆ ಹೇಳಿರಲಿಲ್ಲ. ಆದರೆ ಅದನ್ನು ಬಾಯಲ್ಲಿ ಹೇಳಿ ನಂಬಿಸುವುದು ಕಷ್ಟ.

ಮೊದಲ ವರ್ಷದ ಹೊಸತೊಡಕಿಗೆ, ಅಂದರೆ ಯುಗಾದಿಯ ಮಾರನೇ ದಿನ, ಎಲ್ಲರೂ ಸಾಲಾಗಿ ಕೂತು ಬಾಡೂಟ ಮಾಡುವಾಗ ನಾನು ಒಳಗೆ ಮೊಸರನ್ನ ತಿಂದೆ. ಊಟ ಮುಗಿಸಿದ ಮೇಲೆ ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಎರಡನೇ ವರ್ಷ ಒಲೆ ಮೇಲೆ ಇನ್ನೊಂದು ಸಣ್ಣ ಪಾತ್ರೆ ಇತ್ತು. ಮೀಲ್ ಮೇಕರ್ ಸಾರು. "ತಿನ್ನು, ಇದಕ್ಕೂ ಅದೇ ಮಸಾಲೆ ಹಾಕಿವ್ನಿ" ಅಂದರು ಅಮ್ಮ. ಅಪ್ಪನ ಪಕ್ಕದಲ್ಲೇ ಕೂತು, ಅದೇ ಮುದ್ದೆ ಮುರಿದು ಉಂಡೆ.

ಹಾಗಾಗಿ ಯಾರಾದರೂ ಸೋಯಾ ತುಂಡನ್ನು "ಡೂಪ್ಲಿಕೇಟ್ ಮಟನ್" ಅಂದರೆ ನನಗೆ ಕೋಪ ಬರಲ್ಲ. ನನ್ನ ಪಾಲಿಗೆ ಅದು ಆ ಸಾಲಿನಲ್ಲಿ ಕೂರಲು ಸಿಕ್ಕ ಜಾಗ.

ಆ ತುಂಡು ಆಗೋದು ಹೇಗೆ?

ಇಂಜಿನಿಯರಿಂಗ್ ಓದಿದ ತಪ್ಪಿಗೆ ಇದನ್ನೂ ಹುಡುಕಿ ಓದಿದೆ. ಸೋಯಾಬೀನಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಪ್ರೊಟೀನ್ ತುಂಬಿರುತ್ತೆ. ಅದರ ಹಿಟ್ಟಿಗೆ ನೀರು ಸೇರಿಸಿ ಎಕ್ಸ್‌ಟ್ರೂಡರ್ ಅನ್ನೋ ಯಂತ್ರಕ್ಕೆ ಹಾಕ್ತಾರೆ. ನಮ್ಮ ಚಕ್ಕುಲಿ ಒರಳಿನ ದೊಡ್ಡಣ್ಣ ಅಂದುಕೊಳ್ಳಿ. ಒಳಗೆ ಸ್ಕ್ರೂ ತಿರುಗುತ್ತಾ ಹಿಟ್ಟನ್ನು ಒತ್ತುತ್ತೆ, ಜೊತೆಗೆ ಬಿಸಿ 100 ಡಿಗ್ರಿ ದಾಟಿರುತ್ತೆ. ಒತ್ತಡ ಇರೋದರಿಂದ ನೀರು ಆವಿಯಾಗಲ್ಲ. ಸುರುಳಿಯಾಗಿದ್ದ ಪ್ರೊಟೀನ್ ಬಿಚ್ಚಿಕೊಂಡು, ಹರಿಯುವ ದಿಕ್ಕಿಗೆ ಎಳೆಎಳೆಯಾಗಿ ಜೋಡಣೆಯಾಗುತ್ತೆ. ರಂಧ್ರದಿಂದ ಹೊರಗೆ ಬಂದ ಕ್ಷಣ ಒತ್ತಡ ಇಳಿದು, ನೀರು ಆವಿಯಾಗಿ ಹಾರಿ, ತುಂಡು ಸ್ಪಂಜಿನ ಹಾಗೆ ಉಬ್ಬುತ್ತೆ. ಒಣಗಿಸಿದರೆ ಮೀಲ್ ಮೇಕರ್. ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪುಗೊಂಡ ವಿಧಾನ ಇದು. ಶಿರಸಿ ಗೆಳತಿಗೆ "ಒಂಥರಾ" ಅನ್ನಿಸಿದ್ದು ಆ ಎಳೆಯೇ. ನನಗೆ ಬೇಕಾಗಿದ್ದೂ ಅದೇ.

ಈಗಿನ ಕಂಪನಿಗಳು ಇನ್ನೂ ಮುಂದೆ ಹೋಗಿವೆ. ಅಮೆರಿಕದಲ್ಲಿ 2009ರಲ್ಲಿ ಶುರುವಾದ ಬಿಯಾಂಡ್ ಮೀಟ್ ಬಟಾಣಿಯ ಪ್ರೊಟೀನ್ ಬಳಸಿ, ಬೀಟ್‌ರೂಟಿನಿಂದ ಬಣ್ಣ ಕೊಟ್ಟಿತು. 2011ರ ಇಂಪಾಸಿಬಲ್ ಫುಡ್ಸ್ ಇನ್ನೂ ಜಾಣತನ ಮಾಡಿತು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಅನ್ನೋ ಅಂಶ ಸೋಯಾ ಗಿಡದ ಬೇರಿನ ಗಂಟಿನಲ್ಲೂ ಇದೆ. ಅದನ್ನು ಯೀಸ್ಟ್‌ನಿಂದ ತಯಾರಿಸಿ ಬರ್ಗರಿಗೆ ಸೇರಿಸಿದರು. ಕಾಯಿಸಿದಾಗ ಮಾಂಸದ ವಾಸನೆಯೇ ಬರುತ್ತೆ. ನಮ್ಮ ದೇಶದಲ್ಲೂ ಉದಯಪುರದ ಗುಡ್‌ಡಾಟ್‌ನಿಂದ ಹಿಡಿದು ಟಾಟಾ, ಐಟಿಸಿವರೆಗೆ ಹಲವರು ಈ ಮಾರುಕಟ್ಟೆಗೆ ಇಳಿದಿದ್ದಾರೆ.

ಹೊಸ ಹುಚ್ಚೇನಲ್ಲ

ಇದೆಲ್ಲ ಇನ್‌ಸ್ಟಾಗ್ರಾಂ ಕಾಲದ ಶೋಕಿ ಅನ್ನೋರಿದ್ದಾರೆ. ಚೀನಾದ ಬೌದ್ಧ ವಿಹಾರಗಳ ಅಡುಗೆಯವರು ಗೋಧಿ ಹಿಟ್ಟನ್ನು ನೀರಲ್ಲಿ ತೊಳೆದು ತೊಳೆದು ಅಂಟು ಉಳಿಸಿಕೊಂಡು, ಅದರಲ್ಲೇ ಬಾತುಕೋಳಿಯಂಥ ಪದಾರ್ಥಗಳನ್ನು ನೂರಾರು ವರ್ಷಗಳಿಂದ ಮಾಡುತ್ತಿದ್ದಾರೆ. ವ್ರತದಲ್ಲಿದ್ದವರೂ ಇಲ್ಲದವರೂ ಒಂದೇ ಪಂಕ್ತಿಯಲ್ಲಿ ಉಣ್ಣಲಿ ಅನ್ನೋದು ಅದರ ಒಂದು ಉಪಯೋಗ. ಅಮೆರಿಕದಲ್ಲಿ ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಡಾಕ್ಟರ್ ಜಾನ್ ಹಾರ್ವಿ ಕೆಲಾಗ್ 1890ರ ದಶಕದಲ್ಲೇ ಕಡಲೆಕಾಯಿಯಿಂದ ಮಾಂಸದ ಬದಲಿ ಮಾಡಿದ್ದರು.

ಅಷ್ಟು ದೂರ ಯಾಕೆ? ಬಂಗಾಳದಲ್ಲಿ ಎಳೆ ಹಲಸಿನಕಾಯಿಗೆ "ಗಾಛ್ ಪಾಂಠಾ" ಅಂತಾರೆ, ಅಂದರೆ ಮರದ ಮೇಕೆ. ನಮ್ಮ ಕರಾವಳಿಯ ಗುಜ್ಜೆ ಸುಕ್ಕ ತಿಂದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಕೋಳಿ ಸುಕ್ಕಕ್ಕೆ ಹಾಕುವಂಥದ್ದೇ ಮಸಾಲೆ, ಅದೇ ಕಾಯಿತುರಿ, ಕೋಳಿಯ ಜಾಗದಲ್ಲಿ ಗುಜ್ಜೆ. ಮಳೆಗಾಲದ ಅಣಬೆ ಸಾರಿನದೂ ಇದೇ ಕಥೆ.

ಇನ್ನೊಂದು ವಿಷಯ ಗಮನಿಸಿ. ಪ್ಯೂ ರಿಸರ್ಚ್ ಸೆಂಟರ್ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಭಾರತದ ವಯಸ್ಕರಲ್ಲಿ ಶೇ. 39 ಮಂದಿ ತಾವು ಸಸ್ಯಾಹಾರಿ ಅಂದಿದ್ದರು. ಆದರೆ ಮಾಂಸದ ವಿಷಯದಲ್ಲಿ ಒಂದಲ್ಲ ಒಂದು ಕಟ್ಟುಪಾಡು ಇಟ್ಟುಕೊಂಡವರು ಶೇ. 81. ಸೋಮವಾರ ಮುಟ್ಟದವರು, ಶನಿವಾರ ಮುಟ್ಟದವರು, ಶ್ರಾವಣ ಪೂರ್ತಿ ಬಿಡುವವರು ಎಲ್ಲ ಇದರಲ್ಲೇ ಬಂದರು. ವೆಜ್ಜು, ನಾನ್‌ವೆಜ್ಜು ಅಂತ ಎರಡೇ ಡಬ್ಬಿ ಮಾಡಿ ಜನರನ್ನು ತುಂಬೋಕಾಗಲ್ಲ. ಮಧ್ಯದಲ್ಲೇ ಅರ್ಧ ಊರಿದೆ.

ಯಾರು, ಯಾಕೆ ತಿಂತಾರೆ?

ಸುತ್ತಮುತ್ತ ಕೇಳಿದಾಗ ಸಿಕ್ಕ ಕಾರಣಗಳು ಹೆಚ್ಚುಕಮ್ಮಿ ಇವು.

ನನ್ನಂಥವರಿಗೆ ನೆನಪು. ಬಿಟ್ಟಿದ್ದು ಪ್ರಾಣಿಯನ್ನು ಕೊಲ್ಲೋದನ್ನ, ಅಮ್ಮನ ಮಸಾಲೆಯನ್ನಲ್ಲ.

ಕೆಲವರಿಗೆ ಜೊತೆ. ಹತ್ತು ಜನ ಬಿರಿಯಾನಿ ಆರ್ಡರ್ ಮಾಡುವಾಗ ಒಬ್ಬನೇ ಕರ್ಡ್ ರೈಸ್ ಮುಂದೆ ಕೂರುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಜಿಮ್‌ಗೆ ಹೋಗುವವರಿಗೆ ಪ್ರೊಟೀನ್. ಇವರಲ್ಲಿ ಹುಟ್ಟಾ ಸಸ್ಯಾಹಾರಿಗಳೂ ತುಂಬಾ ಜನ. ಇವರಿಗೆ ಅದು ಮಾಂಸದ ಬದಲಿಯೇ ಅಲ್ಲ, ಅಗ್ಗದ ಪ್ರೊಟೀನ್ ಅಷ್ಟೇ. ಐಸಿಎಂಆರ್ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಬೇಕು. 60 ಕಿಲೋ ಇದ್ದವರಿಗೆ ಸುಮಾರು 50 ಗ್ರಾಂ. ಒಣ ಸೋಯಾ ತುಂಡಿನಲ್ಲಿ ಅರ್ಧದಷ್ಟು ಪ್ರೊಟೀನೇ ಇರೋದರಿಂದ 30 ಗ್ರಾಂ ತುಂಡು ಬೇಯಿಸಿದರೆ 15 ಗ್ರಾಂ ಸಿಕ್ಕಿತು.

ಇನ್ನು ಬೇಡ ಅನ್ನುವವರ ಮಾತೂ ಅಷ್ಟೇ ಸರಿ. ಶಿರಸಿ ಗೆಳತಿಗೆ ಮಾಂಸ ಯಾವತ್ತೂ ಆಹಾರವಾಗಿರಲೇ ಇಲ್ಲ. ಆಹಾರವೇ ಅಲ್ಲದ್ದರ ನಕಲು ಅವಳಿಗೆ ಯಾಕೆ ಬೇಕು? ಅವಳ ಮನೆಯಲ್ಲಿ ತಂಬುಳಿಯೇ ಹತ್ತು ಥರ ಇದೆ, ಅವಳಿಗೆ ಕೊರತೆಯೇನೂ ಇಲ್ಲ.

ನನಗೂ ಒಂದು ಗೆರೆ ಇದೆ ಅಂತ ಗೊತ್ತಾಗಿದ್ದು ಬೆಂಗಳೂರಿನ ಒಂದು ಕೆಫೆಯಲ್ಲಿ. ಗೆಳೆಯರು ದುಬಾರಿ ಪ್ಲಾಂಟ್ ಬೇಸ್ಡ್ ಬರ್ಗರ್ ತರಿಸಿದ್ದರು. ಎರಡನೇ ಸಲ ಕಚ್ಚಿದಾಗ ಕೆಂಪು ರಸ ಬೆರಳಿಗೆ ಇಳಿಯಿತು. ಬೀಟ್‌ರೂಟ್ ಅಂತ ತಲೆಗೆ ಗೊತ್ತು. ಕೈಗೆ ಮಾತ್ರ ಆ ಬೆಳಗಿನ ಜಾವದ ಹಗ್ಗ ನೆನಪಾಯ್ತು. ತಟ್ಟೆ ಪಕ್ಕಕ್ಕಿಟ್ಟೆ. ಅಂದರೆ ನನಗೆ ಬೇಕಾಗಿರೋದು ಸಾರು, ರಕ್ತ ಅಲ್ಲ.

ಕೊಳ್ಳುವ ಮುಂಚೆ

ಹಸಿರು ಚುಕ್ಕೆ ನೋಡಿ. ವಿದೇಶದಲ್ಲಿರುವವರು ಇನ್ನೂ ಹುಷಾರಾಗಿರಿ. ಬ್ರಿಟನ್ನಿನಲ್ಲಿ 1985ರಿಂದ ಮಾರಾಟದಲ್ಲಿರುವ ಕ್ವಾರ್ನ್ ಒಂದು ಬಗೆಯ ಶಿಲೀಂಧ್ರದಿಂದ ಮಾಡಿದ್ದು, ಅದರ ಹಲವು ಪದಾರ್ಥಗಳಲ್ಲಿ ಮೊಟ್ಟೆಯ ಬಿಳಿ ಇರುತ್ತೆ. ಅಲ್ಲಿ ಅದನ್ನೂ ವೆಜಿಟೇರಿಯನ್ ಅಂತಲೇ ಕರೀತಾರೆ.

ಫ್ರೋಜನ್ ಕಬಾಬು, ನಗ್ಗೆಟ್ಟುಗಳಲ್ಲಿ ಉಪ್ಪು, ಎಣ್ಣೆ ಎಷ್ಟಿದೆ ಅಂತ ಪ್ಯಾಕೆಟ್ಟಿನ ಹಿಂದೆ ಓದಿ. ಗಿಡದ್ದು ಅಂದ ಮಾತ್ರಕ್ಕೆ ಆರೋಗ್ಯದ್ದು ಅಂತಲ್ಲ. ಸೋಯಾ, ಗೋಧಿ ಅಲರ್ಜಿ ಇರುವವರು ದೂರವಿರಿ.

ಮುಖ್ಯವಾದದ್ದು ವಿಟಮಿನ್ ಬಿ12. ಸೋಯಾದಲ್ಲಿ ಅದು ಇಲ್ಲ, ಹೊರಗಿಂದ ಸೇರಿಸಿದ್ದರೆ ಮಾತ್ರ ಉಂಟು. ಮಾಂಸ ಬಿಟ್ಟ ಎರಡನೇ ವರ್ಷ ನನಗೆ ಪಾದ ಜುಮ್ಮೆನ್ನೋಕೆ ಶುರುವಾಯ್ತು. ಕೂತು ಕೂತು ಹೀಗಾಗಿದೆ ಅಂತ ತಿಂಗಳುಗಟ್ಟಲೆ ಸುಮ್ಮನಿದ್ದೆ. ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತೀರಾ ಕಡಿಮೆ. ಡಾಕ್ಟರು ಕೊಟ್ಟ ಮಾತ್ರೆಯಿಂದ ಸರಿಹೋಯ್ತು. ನೀವೂ ಬಿಡುವ ಯೋಚನೆಯಲ್ಲಿದ್ದರೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ನನ್ನ ಹಾಗೆ ಕಾಯಬೇಡಿ.

ಅಮ್ಮನ ವಿಧಾನ

ಮೀಲ್ ಮೇಕರ್ ಇಷ್ಟವಾಗಲ್ಲ ಅನ್ನುವ ಬಹಳ ಜನ ಅದನ್ನು ಸರಿಯಾಗಿ ಹಿಂಡಿರುವುದಿಲ್ಲ. ಕುದಿಯುವ ಉಪ್ಪು ನೀರಿಗೆ ತುಂಡು ಹಾಕಿ ಐದು ನಿಮಿಷ ಬಿಡಿ. ತಣ್ಣೀರಿಗೆ ಹಾಕಿ ಗಟ್ಟಿಯಾಗಿ ಹಿಂಡಿ, ಇನ್ನೊಂದು ಸಲ ತಣ್ಣೀರು, ಇನ್ನೊಂದು ಸಲ ಹಿಂಡಿ. ಹಸಿ ಸೋಯಾ ವಾಸನೆ ಹೋಗೋದು ಇಲ್ಲೇ. ಆಮೇಲೆ ಈರುಳ್ಳಿ, ಅರಿಶಿನದ ಜೊತೆ ಎಣ್ಣೆಯಲ್ಲಿ ಅಂಚು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿಯಿರಿ. ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು, ಚಕ್ಕೆ, ಲವಂಗ, ಗಸಗಸೆ, ಹುರಿಗಡಲೆ, ತೆಂಗಿನಕಾಯಿ, ಖಾರದ ಪುಡಿ ರುಬ್ಬಿ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ. ಇಳಿಸಿದ ತಕ್ಷಣ ಉಣ್ಣಬೇಡಿ, ಅರ್ಧ ಗಂಟೆ ಹಾಗೇ ಬಿಡಿ. ಹಿಂಡಿದ ತುಂಡು ಅಷ್ಟೊತ್ತಿಗೆ ನೀರಿನ ಬದಲು ಸಾರನ್ನೇ ಕುಡಿದಿರುತ್ತೆ.

ಕ್ಯಾಂಟೀನಿನ ಗೆಳೆಯನಿಗೆ ಈಗ ನನ್ನ ಉತ್ತರ ಇದು. ಊರು ಬಿಟ್ಟು ಬೆಂಗಳೂರಿಗೆ ಬಂದವನು ಊರಿನ ಮಾತು ಬಿಡ್ತಾನಾ? ಫೋನಿನಲ್ಲಿ ಅಮ್ಮನ ದನಿ ಕೇಳಿದ ಕೂಡಲೇ ನನ್ನ ಬಾಯಲ್ಲಿ ಮಂಡ್ಯ ತಾನಾಗೇ ಬರುತ್ತೆ. ಅದನ್ನ ಯಾರೂ ನಾಟಕ ಅನ್ನಲ್ಲ.

ಈ ಸಲದ ಹೊಸತೊಡಕಿನ ದಿನ ನನ್ನ ಪಾತ್ರೆ ಸ್ವಲ್ಪ ದೊಡ್ಡದಾಗಿತ್ತು. ಕೊಲೆಸ್ಟ್ರಾಲ್ ಜಾಸ್ತಿ ಇದೆ ಅಂತ ಡಾಕ್ಟರು ಹೇಳಿದ ಮೇಲೆ ಅಪ್ಪನಿಗೆ ಮಟನ್ ಎರಡೇ ಪೀಸು ಅಂತ ಅಮ್ಮ ಕಟ್ಟಪ್ಪಣೆ ಮಾಡಿದ್ದರು. ಅವು ಮುಗಿದ ಮೇಲೆ ಅಪ್ಪ ಮಾತಿಲ್ಲದೆ ಸೌಟನ್ನು ನನ್ನ ಪಾತ್ರೆಗೆ ಹಾಕಿದರು. ನಾನು, ಅಮ್ಮ, ಚಿಕ್ಕಪ್ಪ ಎಲ್ಲರೂ ಅವರ ಮುಖ ನೋಡುತ್ತಾ ಕೂತೆವು. ಒಂದು ತುಂಡು ಅಗಿದರು. ಇನ್ನೊಂದು ತುಂಡು ಬಡಿಸಿಕೊಂಡರು.

"ಪರ್ವಾಗಿಲ್ಲ ಕಣ್ಲಾ," ಅಂದರು. "ಆದ್ರೆ ಚೀಪಕ್ಕೆ ಮೂಳೆ ಇಲ್ಲ."