ನ್ಯೂಟನ್ ಬಚ್ಚಿಟ್ಟ ಲೆಕ್ಕ

ಒಂದು ಚದರ ಮೀಟರ್ ಮೇಲೆ ಒಂದು ನ್ಯೂಟನ್ ಬಲ ಬಿದ್ದರೆ ಒತ್ತಡ ಒಂದು ಪಾಸ್ಕಲ್. ಹೈಸ್ಕೂಲು ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ ಸಾಲಿದು. ಆದರೆ ಈ ಇಬ್ಬರು ವಿಜ್ಞಾನಿಗಳೂ ಯಾರಿಗೂ ತೋರಿಸದೆ ಬರೆದಿಟ್ಟುಕೊಂಡ ಪುಟಗಳ ಕಥೆ ಬಹಳ ಮಂದಿಗೆ ತಿಳಿಯದು!

1662ರಲ್ಲಿ ಐಸಾಕ್ ನ್ಯೂಟನ್‌ಗೆ 19 ವರ್ಷ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ ಒಂದು ವರ್ಷವಾಗಿತ್ತು. ಆ ವರ್ಷದ ಪೆಂಟೆಕೋಸ್ಟ್ ಹಬ್ಬದ ಸಮಯದಲ್ಲಿ ಆತ ತನ್ನ ಪಾಪಗಳನ್ನು ಒಂದೊಂದಾಗಿ ಪಟ್ಟಿ ಮಾಡಿದ. ಹಬ್ಬಕ್ಕೆ ಮುಂಚಿನವು ಒಂದು ಕಡೆ, ನಂತರದವು ಇನ್ನೊಂದು ಕಡೆ. ಒಟ್ಟು 50ಕ್ಕೂ ಹೆಚ್ಚು. ಖರ್ಚುವೆಚ್ಚ ಬರೆಯುತ್ತಿದ್ದ ಪುಸ್ತಕದಲ್ಲೇ ಈ ಲೆಕ್ಕವನ್ನೂ ಬರೆದ. ಆದರೆ ಸುಲಭವಾಗಿ ಯಾರೂ ಓದಲಾಗದಂತೆ ಶೀಘ್ರಲಿಪಿಯಲ್ಲಿ! ಅದನ್ನು ಬಿಡಿಸಿ ಓದಿದ ಇತಿಹಾಸಕಾರ ರಿಚರ್ಡ್ ವೆಸ್ಟ್‌ಫಾಲ್ 1963ರಲ್ಲಿ ಪ್ರಕಟಿಸಿದರು.

ಪಟ್ಟಿಯಲ್ಲಿ ಏನಿದೆ? ಭಾನುವಾರ ಇಲಿಬೋನು ಮಾಡಿದ್ದು, ಚರ್ಚಿನಲ್ಲಿ ಸೇಬು ತಿಂದದ್ದು, ತಂಗಿಗೆ ಗುದ್ದಿದ್ದು, ತಾಯಿಯ ಪೆಟ್ಟಿಗೆಯಿಂದ ಸಕ್ಕರೆ ಕದ್ದದ್ದು. ಓದಿದರೆ ನಗು ಬರುತ್ತದೆ. ಆದರೆ ಒಂದು ಸಾಲಿನ ಬಳಿ ನಗು ನಿಲ್ಲುತ್ತದೆ. ಮಲತಂದೆಯನ್ನೂ ತಾಯಿಯನ್ನೂ ಮನೆಸಮೇತ ಸುಟ್ಟುಬಿಡುತ್ತೇನೆ ಎಂದು ಬೆದರಿಸಿದ್ದು.

ನ್ಯೂಟನ್ ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಮಗುವಿಗೆ ಮೂರು ವರ್ಷವಾದಾಗ ತಾಯಿ ಮರುಮದುವೆಯಾಗಿ, ಅವನನ್ನು ಅಜ್ಜಿಯ ಬಳಿ ಬಿಟ್ಟು ಹೋದರು. ಮಲತಂದೆ 1653ರಲ್ಲೇ ಕಾಲವಾದರು. ಬಾಲ್ಯದ ಆ ಸಿಟ್ಟು ಮತ್ತು ಅದರ ಬಗೆಗಿನ ನೋವು ಒಂಬತ್ತು ವರ್ಷ ಕಳೆದರೂ ಒಳಗೇ ಉಳಿದಿದ್ದವು.

ಎರಡು ದಾರಿ

ಇದು ನ್ಯೂಟನ್ ಒಬ್ಬನ ವಿಚಿತ್ರ ಅಭ್ಯಾಸವಲ್ಲ. ಅಂದಿನ ಇಂಗ್ಲೆಂಡಿನ ಪ್ಯೂರಿಟನ್ ಪಂಥದವರು ಪಾದ್ರಿಯ ಮುಂದೆ ಪಾಪನಿವೇದನೆ ಮಾಡುವುದನ್ನು ಒಪ್ಪುತ್ತಿರಲಿಲ್ಲ. ಅವರಲ್ಲಿ ಅನೇಕರಿಗೆ ದಿನಚರಿಯೇ ದೇವರ ಮುಂದೆ ಲೆಕ್ಕ ಒಪ್ಪಿಸುವ ಜಾಗವಾಯಿತು. ಕ್ಯಾಥೊಲಿಕರಲ್ಲಿ ಇಗ್ನೇಷಿಯಸ್ ಲೊಯೋಲಾ ಇನ್ನೊಂದು ವಿಧಾನ ಹೇಳಿಕೊಟ್ಟಿದ್ದರು. ತಿದ್ದಿಕೊಳ್ಳಬೇಕಾದ ಒಂದೇ ದೋಷವನ್ನು ಆರಿಸಿಕೊಳ್ಳುವುದು. ಅದು ಮರುಕಳಿಸಿದಷ್ಟು ಸಲ, ಆ ದಿನದ ಗೆರೆಯ ಮೇಲೆ ಚುಕ್ಕೆ ಇಡುವುದು. ದಿನದಿಂದ ದಿನಕ್ಕೆ, ವಾರದಿಂದ ವಾರಕ್ಕೆ ಹೋಲಿಸಿ ನೋಡುವುದು. ಥೇಟ್ ಪ್ರಯೋಗಶಾಲೆಯ ವೀಕ್ಷಣಾ ಪುಸ್ತಕದಂತೆ! ಇಡೀ ದಿನವನ್ನು ಪರಿಶೀಲಿಸುವಾಗ ಮಾತ್ರ, ತಪ್ಪು ಹುಡುಕುವ ಮೊದಲು ಪಡೆದ ಉಪಕಾರಗಳಿಗಾಗಿ ದೇವರನ್ನು ವಂದಿಸಬೇಕೆಂದು ಅವರ ಸೂಚನೆ. ಈ ಮೊದಲ ಹೆಜ್ಜೆ ಬಿಟ್ಟರೆ ದಿನಚರಿ ಬರೀ ಕೊರಗಿನ ಕಡತವಾದೀತು.

ಬ್ಲೇಸ್ ಪಾಸ್ಕಲ್ ಬರೆದದ್ದು ಬೇರೆಯೇ ಬಗೆಯದು. 1654ರ ನವೆಂಬರ್ 23ರ ರಾತ್ರಿ, ಸುಮಾರು ಹತ್ತೂವರೆಯಿಂದ ಹನ್ನೆರಡೂವರೆವರೆಗೆ, 31 ವರ್ಷದ ಪಾಸ್ಕಲ್‌ಗೆ ಗಾಢವಾದ ದೈವಾನುಭವವಾಯಿತು. ಪ್ರಯೋಗ ದಾಖಲಿಸುವವನಂತೆಯೇ ದಿನ, ವೇಳೆ ಗುರುತಿಸಿ, ಅನುಭವವನ್ನು ತುಂಡು ತುಂಡು ಮಾತುಗಳಲ್ಲಿ ಬರೆದು, ಕೋಟಿನ ಒಳಪದರಕ್ಕೆ ಹೊಲಿದುಕೊಂಡ. ಎಂಟು ವರ್ಷದ ನಂತರ ಆತ ತೀರಿಕೊಂಡಾಗ ಅದು ಸೇವಕನ ಕೈಗೆ ಸಿಕ್ಕಿತು. ಅದೂ 1662ರಲ್ಲೇ!

ತೆರೆಯದ ಪುಟ

ಮಕ್ಕಳಿಗೆ ದಿನಚರಿ ಬರೆಯಿರಿ ಎನ್ನುವ ತಂದೆತಾಯಂದಿರು ಇಲ್ಲಿ ಗಮನಿಸಬೇಕಾದದ್ದಿದೆ. ಆ ಪುಟ ತಾಯಿಯ ಕೈಗೆ ಸಿಕ್ಕೀತೆಂಬ ಭಯವಿದ್ದಿದ್ದರೆ ನ್ಯೂಟನ್ ಮನೆ ಸುಡುವ ಮಾತನ್ನು ಬರೆಯುತ್ತಿದ್ದನೇ? ಅಕ್ಷರ ದುಂಡಾಗಲೆಂದು ಬರೆಸಿ, ಆಮೇಲೆ ಕದ್ದು ಓದಿದರೆ, ಮಗು ಮರುದಿನದಿಂದ ಅಪ್ಪ ಅಮ್ಮನಿಗೆ ಹಿಡಿಸುವ ಸುಳ್ಳನ್ನಷ್ಟೇ ಬರೆದೀತು. ಮುಚ್ಚಿದ ಪುಸ್ತಕ ಮುಚ್ಚಿಯೇ ಇರಲಿ. ಮಗುವೇ ತಂದು ತೋರಿಸಿದ ದಿನ, ತಪ್ಪು ಎಣಿಸದೆ ಕುಳಿತು ಓದಿದರೆ ಸಾಕು.