ಎರಡು ಯಂತ್ರ, ಒಂದೇ ಗಾಡಿ

ಮಲೆನಾಡು, ಕರಾವಳಿಯ ಯಾವ ಪೇಟೆಗೆ ಹೋದರೂ ಊರಂಚಿನಲ್ಲಿ ತಗಡಿನ ಶೆಡ್ಡೊಂದರಿಂದ ಗರಗಸದ ಸದ್ದು ಕೇಳುತ್ತದೆ. ಒಳಗೆ ಹೊಕ್ಕರೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ ಜಾತಿಯ ಯಂತ್ರ. ಆಂಗಲ್ ಕಬ್ಬಿಣ ಬೆಸೆದು ಮಾಡಿದ ಕಾಲು, ಮೇಲೊಂದು ಮೇಜು, ಅಡಿಯಲ್ಲಿ ಬೆಲ್ಟಿನಿಂದ ತಿರುಗುವ ಶಾಫ್ಟು. ಶಾಫ್ಟಿನ ಒಂದು ತುದಿಗೆ ಗರಗಸದ ಚಕ್ರ, ನಡುವೆ ಪ್ಲೇನರ್ ಬ್ಲೇಡು. ಮರವನ್ನು ಕೈಯಿಂದಲೇ ತಳ್ಳಬೇಕು. ಇದೇ ಯಂತ್ರ ನಂಬಿಕೊಂಡು ಎಷ್ಟೋ ಆಚಾರ್ರು ಮನೆ ಕಟ್ಟಿದ್ದಾರೆ, ಮಕ್ಕಳನ್ನು ಓದಿಸಿದ್ದಾರೆ. ಅದನ್ನು ಹೀಗಳೆಯುವ ಮಾತೇ ಇಲ್ಲ. ಆದರೆ ಬಾಗಿಲು ಕಿಟಕಿಗಳ ಆರ್ಡರು ಒಂದರ ಹಿಂದೊಂದು ಬರತೊಡಗಿ, ಹತ್ತು ಕದಗಳೂ ಒಂದೇ ಅಳತೆಯಲ್ಲಿರಬೇಕು ಎಂದು ಎಂಜಿನಿಯರು ಪಟ್ಟು ಹಿಡಿದಾಗ, ಆ ಮೇಜು ಸಾಕಾಗುವುದಿಲ್ಲ. ಆಗ ಕಣ್ಣು ಹೋಗುವುದು ಸ್ಲೈಡಿಂಗ್ ಟೇಬಲ್ ಗರಗಸವೂ ಶೇಪರೂ ಒಂದೇ ಮೈಯಲ್ಲಿರುವ ಜೋಡಿ ಯಂತ್ರದ ಕಡೆಗೆ. ಶೇಪರೆಂದರೆ ಮೇಜಿನ ನಡುವೆ ನೆಟ್ಟಗೆ ನಿಂತು ತಿರುಗುವ ಸ್ಪಿಂಡಲ್ಲಿಗೆ ಕಟ್ಟರು ಹಾಕಿ ಮರದ ಅಂಚನ್ನು ಕೆತ್ತುವ ಯಂತ್ರ; ನಮ್ಮಲ್ಲಿ ಕೆಲವರು ಅದನ್ನು ಸ್ಪಿಂಡಲ್ ಮೌಲ್ಡರ್ ಎನ್ನುತ್ತಾರೆ.

ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಎರಡೇ ಪ್ರಶ್ನೆ: ಮೋಟರು ಎಷ್ಟು ಎಚ್‌ಪಿ, ಮೇಜು ಎಷ್ಟು ಉದ್ದ. ಎರಡೂ ಗರಗಸಕ್ಕೆ ಸಂಬಂಧಿಸಿದ ಪ್ರಶ್ನೆಗಳು. ಇಲ್ಲಿಯೇ ದಾರಿ ತಪ್ಪುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಗರಗಸವೊಂದೇ ಬೇಕಿದ್ದರೆ ಪ್ಯಾನೆಲ್ ಸಾ ಸಾಕು, ಜೋಡಿ ಯಂತ್ರ ಯಾಕೆ? ಜೋಡಿಗೆ ಅರ್ಥ ಬರುವುದು ಶೇಪರಿನಿಂದ. ಎರಡಕ್ಕೂ ಜೀವ ಕೊಡುವುದು ಚಕ್ರದ ಪಕ್ಕದಲ್ಲೇ ಹಿಂದೆ ಮುಂದೆ ಜಾರುವ ಆ ಉದ್ದನೆಯ ಅಲ್ಯೂಮಿನಿಯಂ ಮೇಜು. ಅದನ್ನು ಇಲ್ಲಿ ಗಾಡಿ ಎಂದೇ ಕರೆಯುತ್ತೇನೆ.

ಗಾಡಿ ಇರುವ ಗರಗಸದ ಕಲ್ಪನೆ ಹಳೆಯದು. 1906ರಲ್ಲಿ ಜರ್ಮನಿಯ ವಿಲ್‌ಹೆಲ್ಮ್ ಆಲ್ಟೆನ್‌ಡಾರ್ಫ್ ಎಂಬ ಬಡಗಿ ಇದಕ್ಕೆ ರೂಪ ಕೊಟ್ಟ. ಮರವನ್ನು ಸ್ಥಿರವಾದ ಮೇಜಿನ ಮೇಲೆ ತಳ್ಳುವ ಬದಲು, ಮರ ಹೊತ್ತ ಮೇಜನ್ನೇ ಚಕ್ರದ ಪಕ್ಕಕ್ಕೆ ಸಾಗಿಸಿದರೆ ಕೊಯ್ತ ನೇರವಾಗಿರುತ್ತದೆ ಎಂಬುದು ಅವನ ಲೆಕ್ಕ. ಎರಡನೇ ಮಹಾಯುದ್ಧದ ನಂತರ ಯುರೋಪಿನ ಸಣ್ಣ ವರ್ಕ್‌ಶಾಪುಗಳಲ್ಲಿ ಜಾಗವೂ ಕಡಿಮೆ, ದುಡ್ಡೂ ಕಡಿಮೆ. ಹಲವು ಕೆಲಸಗಳನ್ನು ಒಂದೇ ಯಂತ್ರಕ್ಕೆ ಕಟ್ಟುವ ಪ್ರಯತ್ನಕ್ಕೆ ಬೇಡಿಕೆ ಬಂದದ್ದು ಆಗ. ಇಟಲಿಯ ರಿಮಿನಿಯಲ್ಲಿ ಎಸ್‌ಸಿಎಂ ಕಂಪನಿ 1952ರಲ್ಲಿ ‘ಇನ್ವಿನ್ಚಿಬಿಲೆ’ ಎಂಬ ಸಂಯುಕ್ತ ಯಂತ್ರದೊಂದಿಗೇ ಹುಟ್ಟಿತು. ಆಸ್ಟ್ರಿಯದ ಟಿರೋಲಿನಲ್ಲಿ ಫೆಲ್ಡರ್ ಶುರುವಾದದ್ದು 1956ರಲ್ಲಿ. ಇಂದು ಸಾಗರದಲ್ಲೋ ಕುಂದಾಪುರದಲ್ಲೋ ಇಬ್ಬರು ಮೂವರು ದುಡಿಯುವ ವರ್ಕ್‌ಶಾಪಿನ ಪರಿಸ್ಥಿತಿ ಆ ಕಾಲದ ಟಿರೋಲಿನ ಬಡಗಿಯ ಪರಿಸ್ಥಿತಿಗಿಂತ ತೀರಾ ಬೇರೆಯೇನಲ್ಲ. ಹಾಗಾಗಿಯೇ ಈ ಯಂತ್ರ ನಮಗೂ ಹೊಂದುತ್ತದೆ, ಕೆಲಸ ಯಾವುದೆಂದು ಖಚಿತವಾಗಿದ್ದರೆ.

ಪ್ಲೈವುಡ್ ಕೆಲಸವೇ ಮುಖ್ಯವಾದವರಿಗೆ, ಅಂದರೆ ಅಡುಗೆಮನೆ ಕಪಾಟು, ವಾರ್ಡ್‌ರೋಬ್ ಮಾಡುವವರಿಗೆ, ನಾನು ಜೋಡಿ ಯಂತ್ರ ಬೇಡ ಎಂದೇ ಹೇಳುತ್ತೇನೆ. ಎಂಟು–ನಾಲ್ಕರ ಶೀಟು 2440 ಮಿ.ಮೀ. ಉದ್ದ, 1220 ಮಿ.ಮೀ. ಅಗಲ. ಅದನ್ನು ಉದ್ದಕ್ಕೂ ನಿರಾಳವಾಗಿ ಕೊಯ್ಯಲು 3200 ಮಿ.ಮೀ. ಗಾಡಿ ಒಳ್ಳೆಯದು. ಜೊತೆಗೆ ಸ್ಕೋರಿಂಗ್ ಚಕ್ರ ಬೇಕೇಬೇಕು. ಮುಖ್ಯ ಚಕ್ರದ ಮುಂದೆ ಸುಮಾರು 120 ಮಿ.ಮೀ. ವ್ಯಾಸದ ಈ ಪುಟ್ಟ ಚಕ್ರ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತಾ ಶೀಟಿನ ಅಡಿಮುಖದಲ್ಲಿ ಒಂದೆರಡು ಮಿ.ಮೀ. ಗೀರು ಹಾಕುತ್ತದೆ. ಆಮೇಲೆ ಬರುವ ದೊಡ್ಡ ಚಕ್ರಕ್ಕೆ ಲ್ಯಾಮಿನೇಟಿನ ಅಂಚನ್ನು ಕಿತ್ತೆಸೆಯಲು ಅವಕಾಶವೇ ಸಿಗುವುದಿಲ್ಲ. ಇಂಥ ಕೆಲಸದಲ್ಲಿ ಶೇಪರಿಗೆ ಕೆಲಸವೇ ಇಲ್ಲ. ಅದೇ ದುಡ್ಡನ್ನು ಒಳ್ಳೆಯ ಪ್ಯಾನೆಲ್ ಸಾ ಮತ್ತು ಎಡ್ಜ್ ಬ್ಯಾಂಡರಿಗೆ ಹಾಕುವುದು ಜಾಣತನ.

ಗಟ್ಟಿ ಮರದ ಬಾಗಿಲು ಮಾಡುವವರ ಕಥೆ ಬೇರೆ. ತೇಗ, ಹೊನ್ನೆ, ಹಲಸು, ಮತ್ತಿ ಯಾವುದೇ ಇರಲಿ, ಒಂದು ಪ್ಯಾನೆಲ್ ಬಾಗಿಲಿಗೆ ನಿಲುವುಪಟ್ಟಿ ಎರಡು, ಅಡ್ಡಪಟ್ಟಿ ನಾಲ್ಕೈದು. ಪ್ರತಿ ಅಡ್ಡಪಟ್ಟಿಯ ಎರಡೂ ತುದಿಯಲ್ಲಿ ಟೆನನ್, ಅಂದರೆ ನಿಲುವುಪಟ್ಟಿಯ ತೂತಿಗೆ ಹೊಗುವ ನಾಲಿಗೆ. ಪಟ್ಟಿಗಳ ಒಳ ಅಂಚಿಗೆ ಹಲಗೆ ಕೂರುವ ತೋಡು, ಅದರ ಮೇಲೊಂದು ಚೆಂದದ ಮೌಲ್ಡಿಂಗ್. ದಾರಂದಕ್ಕೆ ಕದ ಬಂದು ತಾಗುವ ರಿಬೇಟ್. ಇಷ್ಟನ್ನೂ ಕೈ ರೂಟರಿನಲ್ಲಿ ಮಾಡಬಹುದು, ಮಾಡುತ್ತಲೂ ಇದ್ದಾರೆ. ಆದರೆ ಕೈ ರೂಟರು ಹೊನ್ನೆ ಮರದಲ್ಲಿ ಸುಟ್ಟು ಕರಿ ಬಿಡುತ್ತದೆ, ಒಂದೇ ಅಂಚಿನ ಮೇಲೆ ಮೂರು ನಾಲ್ಕು ಸಲ ಓಡಬೇಕಾಗುತ್ತದೆ. ಶೇಪರಿನ ಭಾರವಾದ ಕಟ್ಟರು ಅದೇ ಕೆಲಸವನ್ನು ಒಂದೇ ಓಟದಲ್ಲಿ, ಉಜ್ಜುಕಾಗದ ಬೇಡದಷ್ಟು ನುಣುಪಾಗಿ ಮುಗಿಸುತ್ತದೆ.

ಜಾರುವ ಗಾಡಿಯ ನಿಜವಾದ ಬೆಲೆ ತಿಳಿಯುವುದು ಟೆನನ್ ಮಾಡುವಾಗ. ಅಡ್ಡಪಟ್ಟಿಯನ್ನು ಗಾಡಿಯ ಮೇಲೆ ಅಡ್ಡಲಾಗಿಟ್ಟು, ಫೆನ್ಸಿಗೆ ಒತ್ತಿ, ಕ್ಲಾಂಪು ಬಿಗಿದು, ಗಾಡಿಯನ್ನೇ ಸ್ಪಿಂಡಲ್ಲಿನ ಪಕ್ಕಕ್ಕೆ ಸಾಗಿಸುವುದು. ಸ್ಪಿಂಡಲ್ಲಿನಲ್ಲಿ ಎರಡು ಅಗಲವಾದ ಟೆನನ್ ಡಿಸ್ಕು, ನಡುವೆ ನಾಲಿಗೆಯ ದಪ್ಪದಷ್ಟೇ ಬಳೆ. ಒಂದೇ ಓಟಕ್ಕೆ ಮೇಲೂ ಕೆಳಗೂ ಕೊರೆದು ನಾಲಿಗೆ ಎದ್ದು ನಿಲ್ಲುತ್ತದೆ. ಪಟ್ಟಿಯ ಹಿಂದೆ ಒಂದು ರದ್ದಿ ಮರದ ತುಂಡು ಇಟ್ಟರೆ ಅಂಚು ಸಿಬಿರು ಏಳುವುದಿಲ್ಲ. ಸ್ಟಾಪರ್ ಕಟ್ಟಿದ್ದರೆ ಇಪ್ಪತ್ತು ಪಟ್ಟಿಗಳ ಭುಜವೂ ಒಂದೇ ಗೆರೆಯಲ್ಲಿ ಬರುತ್ತದೆ. ಬಾಗಿಲು ಜೋಡಿಸುವಾಗ ಸಂದು ಬಿಡದಿರುವುದು ಇದರಿಂದಲೇ. ಗರಗಸದಲ್ಲಿ ಪಟ್ಟಿಯನ್ನು ಅಳತೆಗೆ ಕೊಯ್ದ ಅದೇ ಗಾಡಿ, ಅದೇ ಫೆನ್ಸು ಇಲ್ಲಿಯೂ ದುಡಿಯುವುದರಿಂದ ಮೂಲೆಮಟ್ಟ ಎರಡೂ ಕಡೆ ಒಂದೇ. ಬೇರೆ ಬೇರೆ ಯಂತ್ರದಲ್ಲಿ ಈ ಲಾಭ ಇಲ್ಲ.

ಆದ್ದರಿಂದ ಕೊಳ್ಳುವ ಮುನ್ನ ಶೇಪರಿನ ಬದಿಗೆ ಹೋಗಿ ಕೇಳಿ. ಸ್ಪಿಂಡಲ್ಲಿನ ಸುತ್ತ ಮೇಜಿನ ಬಾಯಿ ಎಷ್ಟು ಅಗಲ? ದೊಡ್ಡ ಟೆನನ್ ಡಿಸ್ಕು ಅದರೊಳಗೆ ಇಳಿಯುತ್ತದೆಯೇ? ಎಷ್ಟು ವೇಗಗಳಿವೆ? ಕೊನೆಯದು ಬಹಳ ಮುಖ್ಯ. ಕೈಯಿಂದ ಮರ ತಳ್ಳುವ ಶೇಪರಿನಲ್ಲಿ ಕಟ್ಟರಿನ ತುದಿ ಸೆಕೆಂಡಿಗೆ ಸುಮಾರು 40ರಿಂದ 70 ಮೀಟರ್ ವೇಗದಲ್ಲಿ ಓಡಬೇಕು. ಅದಕ್ಕಿಂತ ಕಡಿಮೆಯಾದರೆ ಕಟ್ಟರು ಮರವನ್ನು ಕಚ್ಚಿ ಎಳೆಯುತ್ತದೆ, ಜಾಸ್ತಿಯಾದರೆ ಕಟ್ಟರಿಗೇ ಅಪಾಯ. 250 ಮಿ.ಮೀ.ನ ಡಿಸ್ಕು ನಿಮಿಷಕ್ಕೆ 4500 ಸುತ್ತಿನಲ್ಲಿ ಸುಮಾರು 59 ಮೀಟರ್ ವೇಗ ಪಡೆಯುತ್ತದೆ, ಸರಿಯಾಗಿದೆ. ಅದನ್ನೇ 6000ಕ್ಕೆ ಓಡಿಸಿದರೆ 78 ದಾಟುತ್ತದೆ, ಓಡಿಸಲೇಬಾರದು. ಆದರೆ 120 ಮಿ.ಮೀ.ನ ಮೌಲ್ಡಿಂಗ್ ಕಟ್ಟರಿಗೆ 4500 ಸುತ್ತು ಸಾಲದು, 28 ಮೀಟರಿಗೇ ನಿಲ್ಲುತ್ತದೆ. ಅದಕ್ಕೆ 7000 ಬೇಕು. ಒಂದೇ ವೇಗದ ಶೇಪರು ಎಷ್ಟೇ ಅಗ್ಗಕ್ಕೆ ಸಿಗಲಿ, ಬಾಗಿಲು ಮಾಡುವವರ ಉಪಯೋಗಕ್ಕೆ ಬಾರದು.

ಗಾಡಿಯ ಉದ್ದದ ವಿಷಯದಲ್ಲಿ ಆಸೆ ಕಡಿಮೆ ಇದ್ದಷ್ಟೂ ಒಳ್ಳೆಯದು. ನಮ್ಮ ಬಾಗಿಲು ಏಳಡಿ, ಅಂದರೆ 2134 ಮಿ.ಮೀ. ಅದಕ್ಕೆ 2500 ಮಿ.ಮೀ. ಗಾಡಿ ಧಾರಾಳ. ಡೊಂಕು ಹಲಗೆಯನ್ನು ಗಾಡಿಗೆ ಬಿಗಿದು ಒಂದು ಅಂಚನ್ನು ನೇರ ಮಾಡುವ ಕೆಲಸಕ್ಕೂ ಅಷ್ಟು ಸಾಕು. 3200ರ ಗಾಡಿ ಹಿಂದೆ ಮುಂದೆ ಪೂರ್ತಿ ಓಡಲು ಆರೂವರೆ ಮೀಟರಿಗೂ ಹೆಚ್ಚು ಖಾಲಿ ನೆಲ ಬೇಕು. ಚಿಕ್ಕ ಶೆಡ್ಡಿನಲ್ಲಿ ಅದನ್ನು ಇಟ್ಟರೆ ಮರ ಪೇರಿಸಲು ಜಾಗವಿರುವುದಿಲ್ಲ, ಕೊನೆಗೆ ಗಾಡಿಯ ಮೇಲೇ ಮರ ಪೇರಿಸುವ ಸ್ಥಿತಿ ಬರುತ್ತದೆ. ಹಾಗೆ ಭಾರ ಹೊತ್ತು ನಿಂತ ಗಾಡಿ ನೇರವಾಗಿ ಉಳಿಯುವುದಿಲ್ಲ.

ಜೋಡಿ ಯಂತ್ರದ ದೊಡ್ಡ ಕೊರತೆಯನ್ನು ಮುಚ್ಚಿಡಬಾರದು. ಎರಡು ಮೋಟರು ಇದ್ದರೂ ಏಕಕಾಲಕ್ಕೆ ಒಂದೇ ಕೆಲಸ. ಶೇಪರನ್ನು ಮೌಲ್ಡಿಂಗಿಗೆ ಹೊಂದಿಸಿಟ್ಟ ಮೇಲೆ ‘ಅಯ್ಯೋ, ಒಂದು ಪಟ್ಟಿ ಕಡಿಮೆ ಬಿತ್ತು’ ಎಂದು ನೆನಪಾದರೆ ಹುಡ್ಡು ತೆಗೆದು, ಸ್ಪಿಂಡಲ್ ಇಳಿಸಿ, ಫೆನ್ಸು ಸರಿಸಿ, ಮತ್ತೆ ಎಲ್ಲ ಮೊದಲಿನಂತೆ ಕೂರಿಸಬೇಕು. ಒಬ್ಬಿಬ್ಬರೇ ದುಡಿಯುವಲ್ಲಿ ಇದು ಅಭ್ಯಾಸವಾಗಿಬಿಡುತ್ತದೆ: ಮೊದಲು ಎಲ್ಲ ಕೊಯ್ತ, ಆಮೇಲೆ ಎಲ್ಲ ಟೆನನ್, ಕೊನೆಗೆ ಮೌಲ್ಡಿಂಗ್, ಪ್ರತಿ ಅಳತೆಗೂ ಎರಡು ಪಟ್ಟಿ ಹೆಚ್ಚಿಗೆ. ಇದು ಕೆಲಸಕ್ಕೆ ಶಿಸ್ತು ತರುತ್ತದೆ ಎಂದೇ ನನ್ನ ನಂಬಿಕೆ. ಆದರೆ ನಾಲ್ಕೈದು ಜನ ದುಡಿಯುವ ವರ್ಕ್‌ಶಾಪಿನಲ್ಲಿ ಒಬ್ಬರ ಕೆಲಸ ಮುಗಿಯಲೆಂದು ಇನ್ನೊಬ್ಬರು ಕಾದು ನಿಲ್ಲುತ್ತಾರೆ. ಅಲ್ಲಿ ಜಾಗ ಹೇಗಾದರೂ ಹೊಂದಿಸಿ ಎರಡು ಬೇರೆ ಯಂತ್ರ ಹಾಕುವುದೇ ಸರಿ. ಸ್ಪಿಂಡಲ್ ಎತ್ತರಕ್ಕೂ ಫೆನ್ಸಿಗೂ ಅಂಕಿ ತೋರಿಸುವ ಮೀಟರು ಇದ್ದರೆ ಮರುಹೊಂದಿಕೆ ಬಲು ಸುಲಭ. ಮೋಟರಿನ ಬಲ ಹೆಚ್ಚಿಸಲು ಕೊಡುವ ದುಡ್ಡಿಗಿಂತ ಇದಕ್ಕೆ ಕೊಡುವ ದುಡ್ಡು ಬೇಗ ಮರಳುತ್ತದೆ.

ಬೆರಳುಗಳ ಮಾತಿಗೆ ಬರಲೇಬೇಕು. 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಅನುಸೂಚಿ ಅಂಗಾಂಗಗಳಿಗೆ ಲೆಕ್ಕ ಕಟ್ಟಿತ್ತು: ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇ. 30 ನಷ್ಟ, ತೋರುಬೆರಳು ಪೂರ್ತಿ ಹೋದರೆ ಶೇ. 14. ಉಳಿ ಹಿಡಿದು ಬಾಗಿಲ ಮೇಲೆ ಹೂಬಳ್ಳಿ ಬಿಡಿಸುವ ಆಚಾರಿಗೆ ತೋರುಬೆರಳು ಹದಿನಾಲ್ಕು ಪಾಲಲ್ಲ, ಅವರ ಕಸುಬೇ ಅದು. ಈಚಿನ ವರ್ಷಗಳಲ್ಲಿ ಗರಗಸದ ಬದಿಯಲ್ಲಿ ದೊಡ್ಡ ಬದಲಾವಣೆ ಬಂದಿದೆ. ಕೈ ಹತ್ತಿರ ಬಂದದ್ದನ್ನು ಗ್ರಹಿಸಿ ಚಕ್ರವನ್ನು ಕಣ್ಣೆವೆ ಇಕ್ಕುವಷ್ಟರಲ್ಲಿ ಮೇಜಿನಡಿಗೆ ಇಳಿಸುವ ವ್ಯವಸ್ಥೆಯನ್ನು ಫೆಲ್ಡರ್ 2019ರಲ್ಲಿ ತೋರಿಸಿತು. ಆಲ್ಟೆನ್‌ಡಾರ್ಫ್ ಕಂಪನಿ ಇದೇ ಕೆಲಸಕ್ಕೆ ಕ್ಯಾಮೆರಾ ಬಳಸುತ್ತದೆ. ಇವು ದುಬಾರಿ, ಎಲ್ಲ ಮಾದರಿಗಳಲ್ಲಿ ಸಿಗುವುದೂ ಇಲ್ಲ. ಆದರೆ ಚಕ್ರದ ಹಿಂದೆ ನಿಲ್ಲುವ ರೈವಿಂಗ್ ನೈಫ್ ಪ್ರತಿ ಯಂತ್ರದೊಂದಿಗೂ ಬರುತ್ತದೆ. ಕೊಯ್ದ ಮರ ಮತ್ತೆ ಕೂಡಿಕೊಂಡು ಚಕ್ರವನ್ನು ಹಿಡಿಯದಂತೆ, ಹಿಂದಕ್ಕೆ ಎಗರದಂತೆ ತಡೆಯುವುದು ಅದೇ. ನಮ್ಮ ಎಷ್ಟೋ ವರ್ಕ್‌ಶಾಪುಗಳಲ್ಲಿ ಮೊದಲ ವಾರವೇ ಅದನ್ನು ಬಿಚ್ಚಿ ಮೂಲೆಗಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಚಕ್ರ ಇಳಿಸುವ ಆ ವ್ಯವಸ್ಥೆಗಳೆಲ್ಲ ಗರಗಸಕ್ಕೆ ಮಾತ್ರ. ಶೇಪರಿನ ಬದಿಯಲ್ಲಿ ಕೈ ಕಾಯುವುದು ಪವರ್ ಫೀಡರ್. ಮೂರು ನಾಲ್ಕು ರಬ್ಬರ್ ಉರುಳೆಗಳಿರುವ ಈ ಉಪಕರಣ ಮರವನ್ನು ಫೆನ್ಸಿಗೂ ಮೇಜಿಗೂ ಒತ್ತಿ ಹಿಡಿದು ತಾನೇ ಮುಂದಕ್ಕೆ ಸಾಗಿಸುತ್ತದೆ; ಕೈ ಕಟ್ಟರಿನ ಹತ್ತಿರ ಹೋಗುವ ಪ್ರಮೇಯವೇ ಇಲ್ಲ. ವೇಗ ಒಂದೇ ಸಮ ಇರುವುದರಿಂದ ಮೌಲ್ಡಿಂಗಿನಲ್ಲಿ ಸುಟ್ಟ ಕಲೆಯೂ ಬೀಳುವುದಿಲ್ಲ. ಜೋಡಿ ಯಂತ್ರಕ್ಕೆ ಇಟ್ಟ ಹಣದಲ್ಲಿ ಪವರ್ ಫೀಡರಿಗೆ ಉಳಿಯುವುದಿಲ್ಲ ಎಂದಾದರೆ ಒಂದು ಹಂತ ಕೆಳಗಿನ ಮಾದರಿ ಆರಿಸಿ, ಫೀಡರನ್ನು ಬಿಡಬೇಡಿ. ಕಟ್ಟರುಗಳಲ್ಲಿಯೂ ಹಾಗೆಯೇ: ಕೈಯಿಂದ ತಳ್ಳುವ ಕೆಲಸಕ್ಕೆಂದು ‘ಎಂಎಎನ್’ ಗುರುತು ಹಾಕಿದ, ಹಲ್ಲಿನ ಮುಂದೆ ಲಿಮಿಟರ್ ಇರುವ ಕಟ್ಟರುಗಳನ್ನೇ ಕೊಳ್ಳಬೇಕು. ಅವು ಒಂದು ಸಲಕ್ಕೆ ಒಂದು ಮಿ.ಮೀ.ಗಿಂತ ತುಸು ಹೆಚ್ಚು ಮಾತ್ರ ಕಚ್ಚುತ್ತವೆ. ಮರವನ್ನು ಯಾವಾಗಲೂ ಕಟ್ಟರು ತಿರುಗುವ ದಿಕ್ಕಿಗೆ ಎದುರಾಗಿ ಕೊಡಬೇಕು. ಜೊತೆಯಲ್ಲಿ ಕೊಟ್ಟರೆ ಅದು ಪಟ್ಟಿಯನ್ನು ಕೈಯಿಂದ ಕಿತ್ತುಕೊಂಡು ಬಾಣದಂತೆ ಎಸೆಯುತ್ತದೆ.

ಧೂಳಿನ ವಿಷಯವೂ ಇದೇ ಸಾಲಿನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಗರಗಸಕ್ಕೂ ಶೇಪರಿಗೂ ಬೇರೆ ಬೇರೆ ಧೂಳಿನ ಕೊಳವೆ ಇರಬೇಕು, ಎಳೆಯುವ ಯಂತ್ರವೂ ಬೇಕು.

ಕರೆಂಟಿಗೆ ಮೂರು ಫೇಸ್ ಸಂಪರ್ಕ, ಕಾಂಕ್ರೀಟು ನೆಲ ಇವೆಲ್ಲ ಸಾಮಾನ್ಯ ತಿಳಿವಳಿಕೆ. ಮರೆತುಹೋಗುವುದು ಮಳೆಗಾಲ. ಆಗುಂಬೆಯ ಸುತ್ತಮುತ್ತ ಜೂನಿನಿಂದ ಸೆಪ್ಟೆಂಬರ್ ತನಕ ಎರಕದ ಕಬ್ಬಿಣದ ಮೇಜು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ. ಎಣ್ಣೆ ಬಳಿದರೆ ಮರಕ್ಕೆ ಕಲೆ, ಸಿಲಿಕೋನ್ ಬಳಿದರೆ ಆಮೇಲೆ ಪಾಲಿಶು ಕೂರುವುದಿಲ್ಲ. ಪೇಸ್ಟ್ ವ್ಯಾಕ್ಸ್ ತೆಳುವಾಗಿ ಹಚ್ಚಿ ಒರೆಸುವುದೇ ಮದ್ದು. ಗಾಡಿಯ ಅಡಿಯ ಉಕ್ಕಿನ ಹಳಿಗಳನ್ನು ವಾರಕ್ಕೊಮ್ಮೆಯಾದರೂ ಒಣ ಬಟ್ಟೆಯಲ್ಲಿ ಒರೆಸಬೇಕು. ಇನ್ನೊಂದು ಮಾತು: ದೊಡ್ಡ ಗರಗಸದ ಚಕ್ರ ಹಾಕುವ ಮುನ್ನ ನಿಮ್ಮ ವರ್ಕ್‌ಶಾಪಿಗೆ ಲೈಸೆನ್ಸು ಬೇಕೇ ಎಂದು ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಇನ್ನು ಪರೀಕ್ಷೆ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ನಡೆಯುವ ಇಂಡಿಯಾವುಡ್ ಪ್ರದರ್ಶನದಲ್ಲಿ ಹಲವು ಕಂಪನಿಗಳ ಯಂತ್ರಗಳನ್ನು ಅಕ್ಕಪಕ್ಕ ನೋಡಬಹುದು. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಯಂತ್ರಗಳ ಮೇಲೆ ತರಬೇತಿ ಕೊಡುವ ಕೇಂದ್ರವೂ ಇದೆ. ಓಡಿಸುವ ಹುಡುಗರನ್ನು ಅಂಥಲ್ಲಿಗೆ ಕಳಿಸುವುದು ಯಂತ್ರಕ್ಕೆ ಹಾಕಿದ ಹಣದಷ್ಟೇ ಸಾರ್ಥಕ. ಅಂಗಡಿಯಲ್ಲಿ ‘ಕಣ್ಮುಚ್ಚಿ ತಗೊಳ್ಳಿ ಅಣ್ಣಾ’ ಎಂದರೆ ಕಣ್ಣು ತೆರೆದೇ ಐದು ಕೊಯ್ತದ ಪರೀಕ್ಷೆ ಮಾಡಿಸಿ. ಸುಮಾರು ಒಂದು ಮೀಟರ್ ಚೌಕದ ಎಂಡಿಎಫ್ ತುಂಡು ತೆಗೆದುಕೊಳ್ಳಿ. ಒಂದು ಅಂಚು ಕೊಯ್ದು, ಆ ಹೊಸ ಅಂಚನ್ನು ಫೆನ್ಸಿಗೆ ತಾಗಿಸಿ ಮುಂದಿನ ಅಂಚು ಕೊಯ್ಯಿರಿ. ಹೀಗೆ ನಾಲ್ಕೂ ಬದಿ. ಐದನೆಯ ಕೊಯ್ತ ಮತ್ತೆ ಮೊದಲ ಬದಿಗೆ, ಬೆರಳಗಲದ ಪಟ್ಟಿ ಬರುವಂತೆ. ಆ ಪಟ್ಟಿಯ ಎರಡೂ ತುದಿಯ ಅಗಲವನ್ನು ವರ್ನಿಯರ್‌ನಲ್ಲಿ ಅಳೆಯಿರಿ. ಫೆನ್ಸಿನ ಡೊಂಕು ಇಲ್ಲಿ ನಾಲ್ಕು ಪಟ್ಟಾಗಿ ಕಾಣುತ್ತದೆ. ವ್ಯತ್ಯಾಸ 0.4 ಮಿ.ಮೀ. ಬಂದರೆ ನಿಜವಾದ ದೋಷ ಮೀಟರಿಗೆ 0.1 ಮಿ.ಮೀ.; ಬಾಗಿಲು ಕೆಲಸಕ್ಕೆ ಅದು ಚೆನ್ನಾಗಿಯೇ ಆಯಿತು. ಅದಕ್ಕಿಂತ ಹೆಚ್ಚಿದ್ದರೆ ಅಲ್ಲೇ ಸರಿಮಾಡಿ ತೋರಿಸಲು ಹೇಳಿ. ಆಮೇಲೆ ನಿಮ್ಮ ಊರಿಂದ ತಂದ ಹೊನ್ನೆ ಪಟ್ಟಿಗೆ ಟೆನನ್ ಮಾಡಿಸಿ, ಗರಗಸದಿಂದ ಶೇಪರಿಗೂ ಶೇಪರಿನಿಂದ ಗರಗಸಕ್ಕೂ ಬದಲಿಸುವ ಕೆಲಸವನ್ನು ಮಾರುವವರಿಂದ ಅಲ್ಲ, ನಾಳೆ ಅದನ್ನು ಓಡಿಸುವ ನಿಮ್ಮ ಹುಡುಗನ ಕೈಯಲ್ಲೇ ಮಾಡಿಸಿ ನೋಡಿ.