ಮಧ್ಯಮ ಉದ್ಯಮ ಮತ್ತು ಹೊಸ ತಂತ್ರಜ್ಞಾನ: ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಸಣ್ಣ ಉದ್ಯಮದ ಮಿತಿಯನ್ನು ದಾಟಿದ, ಆದರೆ ಯಂತ್ರೋಪಕರಣಗಳ ಮೇಲಿನ ಹೂಡಿಕೆ 125 ಕೋಟಿ ರೂಪಾಯಿಯನ್ನೂ ವಾರ್ಷಿಕ ವಹಿವಾಟು 500 ಕೋಟಿ ರೂಪಾಯಿಯನ್ನೂ ಮೀರದ ಸಂಸ್ಥೆಯನ್ನು ಭಾರತ ಸರ್ಕಾರ ಮಧ್ಯಮ ಉದ್ಯಮವೆಂದು ಪರಿಗಣಿಸುತ್ತದೆ. 2025ರ ಏಪ್ರಿಲ್ 1ರಂದು ಜಾರಿಗೆ ಬಂದ ಈ ಮಿತಿಗಳು ಅದಕ್ಕೂ ಮೊದಲು ಕ್ರಮವಾಗಿ 50 ಕೋಟಿ ಮತ್ತು 250 ಕೋಟಿ ಆಗಿದ್ದವು. ಕಾನೂನಿನ ಈ ಅಳತೆಗಿಂತ ಮುಖ್ಯವಾದದ್ದು ಇಂತಹ ಸಂಸ್ಥೆಗಳ ಒಳಗಿನ ಸ್ಥಿತಿ. ಮಾಲೀಕರು ಪ್ರತಿಯೊಂದು ಯಂತ್ರದ ಪಕ್ಕದಲ್ಲಿ ನಿಂತು ಎಲ್ಲ ಲೆಕ್ಕವನ್ನೂ ನೆನಪಿನಲ್ಲಿಟ್ಟುಕೊಂಡು ಕೆಲಸ ಸಾಗಿಸುವ ಕಾಲ ಅಲ್ಲಿ ಮುಗಿದಿರುತ್ತದೆ. ಹೊಸ ತಂತ್ರಜ್ಞಾನವನ್ನು ಪರೀಕ್ಷಿಸುವುದಕ್ಕೆಂದೇ ಒಂದು ವಿಭಾಗವನ್ನು ಸಾಕುವಷ್ಟು ಶಕ್ತಿ ಇನ್ನೂ ಬಂದಿರುವುದಿಲ್ಲ. ಈ ಕಾರಣಕ್ಕೆ ಕೃತಕ ಬುದ್ಧಿಮತ್ತೆ, ಸಂವೇದಕ, ರೋಬಾಟ್ ಮುಂತಾದವುಗಳ ಬಗ್ಗೆ ಅಲ್ಲಿ ನಡೆಯುವ ತೀರ್ಮಾನಗಳು ಬಹುಮಟ್ಟಿಗೆ ಮಾರಾಟಗಾರರ ಪ್ರಾತ್ಯಕ್ಷಿಕೆಯನ್ನೋ ದೊಡ್ಡ ಗ್ರಾಹಕ ಕಂಪನಿಯ ಒತ್ತಾಯವನ್ನೋ ಅವಲಂಬಿಸಿರುತ್ತವೆ.

ತಂತ್ರಜ್ಞಾನವನ್ನು ಕೊಳ್ಳುವುದಕ್ಕೂ ಅದರಿಂದ ಲಾಭ ಪಡೆಯುವುದಕ್ಕೂ ನಡುವೆ ಎಷ್ಟು ಅಂತರವಿರಬಹುದು ಎಂಬುದನ್ನು ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್ 1990ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಅಮೆರಿಕದ ಕಾರ್ಖಾನೆಗಳ ವಿದ್ಯುದೀಕರಣದ ಇತಿಹಾಸದ ಮೂಲಕ ವಿವರಿಸಿದರು. ಎಡಿಸನ್ ಅವರ ಪರ್ಲ್ ಸ್ಟ್ರೀಟ್ ವಿದ್ಯುತ್ ಕೇಂದ್ರ ನ್ಯೂಯಾರ್ಕ್‌ನಲ್ಲಿ ಆರಂಭವಾದದ್ದು 1882ರಲ್ಲಿ. ವಿದ್ಯುತ್ತಿನಿಂದಾಗಿ ಕಾರ್ಖಾನೆಗಳ ಉತ್ಪಾದಕತೆ ಗಣನೀಯವಾಗಿ ಏರಿದ್ದು 1920ರ ದಶಕದಲ್ಲಿ. ಹಳೆಯ ಕಾರ್ಖಾನೆಗಳಲ್ಲಿ ಒಂದೇ ಹಬೆಯಂತ್ರವು ಚಾವಣಿಯ ಕೆಳಗಿನ ಉದ್ದನೆಯ ಉಕ್ಕಿನ ದಂಡವನ್ನು ತಿರುಗಿಸುತ್ತಿತ್ತು, ಆ ದಂಡದಿಂದ ಇಳಿದ ಬೆಲ್ಟುಗಳು ಕೆಳಗಿನ ಯಂತ್ರಗಳನ್ನೆಲ್ಲ ಓಡಿಸುತ್ತಿದ್ದವು. ಅನೇಕ ಮಾಲೀಕರು ಹಬೆಯಂತ್ರವನ್ನು ತೆಗೆದು ಅದರ ಜಾಗದಲ್ಲಿ ಒಂದು ದೊಡ್ಡ ಮೋಟಾರನ್ನು ಕೂರಿಸಿ, ದಂಡ ಮತ್ತು ಬೆಲ್ಟುಗಳನ್ನು ಹಾಗೆಯೇ ಉಳಿಸಿಕೊಂಡರು. ಖರ್ಚು ಸ್ವಲ್ಪ ತಗ್ಗಿತೇ ಹೊರತು ಕೆಲಸದ ರೀತಿ ಬದಲಾಗಲಿಲ್ಲ. ಒಂದೊಂದು ಯಂತ್ರಕ್ಕೂ ಅದರದೇ ಮೋಟಾರು ಬಂದು, ಯಂತ್ರಗಳನ್ನು ದಂಡದ ಸಾಲಿಗೆ ಕಟ್ಟುಬೀಳದೆ ಕೆಲಸ ಸಾಗುವ ಕ್ರಮದಲ್ಲಿ ಜೋಡಿಸುವುದು ಸಾಧ್ಯವಾದ ಮೇಲೆಯೇ ನಿಜವಾದ ಲಾಭ ಕೈಗೆ ಸಿಕ್ಕಿತು. ಇಂದಿನ ತಂತ್ರಾಂಶಗಳಿಗೂ ಈ ಮಾತು ಅನ್ವಯಿಸುತ್ತದೆ: ಕಾಗದದ ಜಾಬ್ ಕಾರ್ಡನ್ನು ಟ್ಯಾಬ್ಲೆಟ್ಟಿನ ಪರದೆಗೆ ಏರಿಸಿ, ಸಹಿಗಾಗಿ ಅಲೆಯುವ ಹಳೆಯ ಪದ್ಧತಿಯನ್ನು ಉಳಿಸಿಕೊಂಡ ಕಾರ್ಖಾನೆಯು ಹಬೆಯಂತ್ರದ ಜಾಗದಲ್ಲಿ ಮೋಟಾರನ್ನು ಕೂರಿಸಿದಂತೆಯೇ ಸರಿ.

ಬೆಂಗಳೂರಿನ ಪೀಣ್ಯದಲ್ಲಿರುವಂತಹ, ವಾಹನ ತಯಾರಕರಿಗೆ ಲೋಹದ ಬಿಡಿಭಾಗಗಳನ್ನು ಮಾಡಿಕೊಡುವ ಮಧ್ಯಮ ಗಾತ್ರದ ಯಂತ್ರಾಗಾರವೊಂದನ್ನು ಉದಾಹರಣೆಯಾಗಿ ತೆಗೆದುಕೊಂಡರೆ ಯೋಜನೆ ಎಲ್ಲಿಂದ ಆರಂಭವಾಗಬೇಕು ಎಂಬುದು ಸ್ಪಷ್ಟವಾಗುತ್ತದೆ. ಅಲ್ಲಿನ ಸಿಎನ್‌ಸಿ ಯಂತ್ರಗಳು, ಅಂದರೆ ಗಣಕದ ಆದೇಶದಂತೆ ಲೋಹವನ್ನು ಕೊರೆದು ಕೆತ್ತುವ ಯಂತ್ರಗಳು, ದಿನದಲ್ಲಿ ಎಷ್ಟು ಹೊತ್ತು ನಿಜಕ್ಕೂ ಕೆಲಸ ಮಾಡುತ್ತವೆ ಎಂಬುದನ್ನು ತಿಳಿಯಲು ಓಇಇ ಎಂಬ ಅಳತೆ ಬಳಕೆಯಲ್ಲಿದೆ. ಯಂತ್ರ ಓಡಿದ ಸಮಯ, ಓಡಿದ ವೇಗ ಮತ್ತು ತಯಾರಾದ ಮಾಲಿನ ಗುಣಮಟ್ಟ ಈ ಮೂರರ ಗುಣಲಬ್ಧವೇ ಓಇಇ. 480 ನಿಮಿಷಗಳ ಒಂದು ಪಾಳಿಯಲ್ಲಿ ಯಂತ್ರವು 360 ನಿಮಿಷ ಓಡಿದರೆ ಮೊದಲನೆಯದು ಶೇ 75. ಆ ಅವಧಿಯಲ್ಲಿ 100 ಬಿಡಿಭಾಗಗಳು ಆಗಬೇಕಿದ್ದಲ್ಲಿ 80 ಆದರೆ ಎರಡನೆಯದು ಶೇ 80. ಆ 80ರಲ್ಲಿ 76 ಮಾತ್ರ ತಪಾಸಣೆಯಲ್ಲಿ ಪಾಸಾದರೆ ಮೂರನೆಯದು ಶೇ 95. ಬಿಡಿಬಿಡಿಯಾಗಿ ನೋಡಿದಾಗ ಪರವಾಗಿಲ್ಲ ಎನಿಸುವ ಈ ಮೂರು ಅಂಕಿಗಳನ್ನು ಗುಣಿಸಿದಾಗ ಸಿಗುವುದು ಕೇವಲ ಶೇ 57.

ಈ ಲೆಕ್ಕಕ್ಕೆ ಬೇಕಾದ ಮಾಹಿತಿಯನ್ನು ಮೊದಲ ಕೆಲವು ವಾರ ಪುಸ್ತಕದಲ್ಲಿ ಕೈಯಿಂದಲೇ ಬರೆದಿಡಬಹುದು. ಯಂತ್ರದ ತಂತಿಗೆ ಸುತ್ತ ಹಾಕುವ, ವಿದ್ಯುತ್ ಹರಿವನ್ನು ಅಳೆಯುವ ಪುಟ್ಟ ಸಂವೇದಕವೊಂದು ಹಳೆಯ ಯಂತ್ರದಿಂದಲೂ ಓಡಿದ ಮತ್ತು ನಿಂತ ಹೊತ್ತನ್ನು ತಿಳಿಸಬಲ್ಲದು. ಆದರೆ ಯಂತ್ರ ನಿಂತಿದೆ ಎಂಬುದನ್ನು ಹೇಳುವ ಸಂವೇದಕವು ಏಕೆ ನಿಂತಿತು ಎಂಬುದನ್ನು ಹೇಳುವುದಿಲ್ಲ. ಟೂಲ್ ಮುರಿಯಿತೋ, ಕಚ್ಚಾ ಮಾಲು ಬರಲಿಲ್ಲವೋ, ಸೆಟ್ಟಿಂಗ್ ಬದಲಿಸಲು ತಡವಾಯಿತೋ, ಮೊದಲ ಬಿಡಿಭಾಗದ ತಪಾಸಣೆಗೆ ಕಾಯಬೇಕಾಯಿತೋ ಎಂಬುದು ಆಪರೇಟರ್‌ಗೆ ಮಾತ್ರ ಗೊತ್ತು. ಪರದೆಯ ಮೇಲಿನ ಕಾರಣಗಳ ಪಟ್ಟಿ ಅವರಿಗೆ ತಮ್ಮ ಮೇಲಿನ ಕಾವಲಾಗಿ ಕಂಡರೆ ಅವರು ಪ್ರತಿಸಲವೂ ‘ಇತರೆ’ ಎಂಬುದನ್ನೇ ಒತ್ತುತ್ತಾರೆ, ಲಕ್ಷಾಂತರ ರೂಪಾಯಿಯ ವ್ಯವಸ್ಥೆಯಿಂದ ‘ಇತರೆ’ಯ ರಾಶಿಯೊಂದು ಬೆಳೆಯುತ್ತದೆ. ಆದ್ದರಿಂದ ಆ ಪಟ್ಟಿಯನ್ನು ಆಪರೇಟರುಗಳ ಜೊತೆ ಕುಳಿತು ಸಿದ್ಧಪಡಿಸುವುದು ಮತ್ತು ಅದರಲ್ಲಿ ಬರೆದದ್ದನ್ನು ಸಂಬಳ ಕಡಿತಕ್ಕೆ ಬಳಸುವುದಿಲ್ಲವೆಂದು ಮೊದಲೇ ತಿಳಿಸುವುದು ತಂತ್ರಾಂಶದ ಆಯ್ಕೆಗಿಂತಲೂ ಮುಂಚಿನ ಕೆಲಸ. ನಿಲುಗಡೆಯ ಬಹುಪಾಲು ತಪಾಸಣೆಗೆ ಕಾಯುವುದರಿಂದಲೇ ಆಗುತ್ತಿದೆ ಎಂದು ತಿಳಿದುಬಂದಲ್ಲಿ, ಕೊಳ್ಳಲು ಹೊರಟಿದ್ದ ರೋಬಾಟಿನ ಬದಲು ಇನ್ನೊಂದು ಅಳತೆಯ ಉಪಕರಣ ಮತ್ತು ಇನ್ನೊಬ್ಬ ತಪಾಸಕರೇ ಸಾಕಾಗಬಹುದು. ಮಾರಾಟಗಾರರಿಗೆ ಇದು ರುಚಿಸುವ ತೀರ್ಮಾನವಲ್ಲ.

ಬೇರಿಂಗಿನ ಕಂಪನವನ್ನು ಗಮನಿಸುತ್ತ ಯಂತ್ರ ಕೆಡುವ ಮುನ್ನವೇ ಎಚ್ಚರಿಸುವ ಮುನ್ಸೂಚಕ ನಿರ್ವಹಣೆಯ ವಿಷಯದಲ್ಲಿ ಮಧ್ಯಮ ಸಂಸ್ಥೆಗಳಿಗೆ ಇನ್ನೊಂದು ತೊಡಕಿದೆ. ಹಿಂದಿನ ವೈಫಲ್ಯಗಳ ದಾಖಲೆಯಿಂದ ಕಲಿಯುವ ಇಂತಹ ವ್ಯವಸ್ಥೆಗೆ ಸಾಕಷ್ಟು ವೈಫಲ್ಯಗಳು ಬೇಕು. ಹತ್ತಿಪ್ಪತ್ತು ಯಂತ್ರಗಳಿರುವ, ಅವುಗಳನ್ನು ಚೆನ್ನಾಗಿಯೇ ನೋಡಿಕೊಳ್ಳುವ ಕಾರ್ಖಾನೆಯಲ್ಲಿ ಅಷ್ಟು ವೈಫಲ್ಯಗಳು ಘಟಿಸುವುದೇ ಇಲ್ಲ. ಅಂಥಲ್ಲಿ ಕಂಪನವು ನಿಗದಿತ ಮಿತಿಯನ್ನು ಮೀರಿದಾಗ ಗಂಟೆ ಬಾರಿಸುವ ಸರಳ ಏರ್ಪಾಡು, ಅಥವಾ ಅನೇಕ ಗ್ರಾಹಕರ ಯಂತ್ರಗಳಿಂದ ಕಲಿತಿರುವ ಯಂತ್ರ ತಯಾರಕರದೇ ಸೇವೆ ಹೆಚ್ಚು ಉಪಯುಕ್ತ.

ಎಲ್ಲ ಅಳವಡಿಕೆಯೂ ಆಯ್ಕೆಯ ವಿಷಯವಲ್ಲ. ಉದ್ಯಮಗಳ ನಡುವಿನ ಬಿಲ್ಲುಗಳ ವಿವರವನ್ನು ಸರ್ಕಾರದ ಪೋರ್ಟಲ್ಲಿಗೆ ಕಳುಹಿಸಿ ವಿಶಿಷ್ಟ ಸಂಖ್ಯೆ ಪಡೆಯಬೇಕಾದ ಜಿಎಸ್‌ಟಿಯ ಇ-ಇನ್‌ವಾಯ್ಸ್ ಪದ್ಧತಿಯು 2020ರ ಅಕ್ಟೋಬರ್‌ನಲ್ಲಿ 500 ಕೋಟಿ ವಹಿವಾಟನ್ನು ಮೀರಿದ ಸಂಸ್ಥೆಗಳಿಗೆ ಕಡ್ಡಾಯವಾಗಿ, ಹಂತಹಂತವಾಗಿ ಇಳಿದು 2023ರ ಆಗಸ್ಟ್ ವೇಳೆಗೆ 5 ಕೋಟಿ ಮೀರಿದವರನ್ನೂ ತಲುಪಿತು. ಸರದಿ ಬರುವುದು ಮೊದಲೇ ಕಾಣುತ್ತಿದ್ದ ಇಂತಹ ಬದಲಾವಣೆಯನ್ನು ಕೊನೆಯ ವಾರದ ತನಕ ತಳ್ಳಿದವರು ಬಿಲ್ಲಿಂಗ್ ತಂತ್ರಾಂಶಕ್ಕೆ ತೇಪೆ ಹಾಕಿ ಪಾರಾಗಬೇಕಾಯಿತು. ಮುಂಚೆಯೇ ಯೋಚಿಸಿದವರಿಗೆ ಅದೇ ನೆಪದಲ್ಲಿ ದಾಸ್ತಾನು, ಖರೀದಿ ಮತ್ತು ಬಿಲ್ಲಿಂಗ್‌ಗಳನ್ನು ಒಂದೇ ವ್ಯವಸ್ಥೆಗೆ ತರುವ ಅವಕಾಶವಿತ್ತು. ಆದ್ದರಿಂದ ತಂತ್ರಜ್ಞಾನದ ಯೋಜನೆಯನ್ನು ಬರೆಯುವಾಗ ಕಾನೂನು ಅಥವಾ ಗ್ರಾಹಕರು ಹೇರುವುದನ್ನೂ ಸಂಸ್ಥೆ ತಾನಾಗಿ ಆರಿಸುವುದನ್ನೂ ಬೇರೆಬೇರೆಯಾಗಿಯೇ ಇಡುವುದು ಒಳ್ಳೆಯದು: ಮೊದಲನೆಯದರಲ್ಲಿ ದಿನಾಂಕವೇ ಮುಖ್ಯ, ಎರಡನೆಯದರಲ್ಲಿ ಮುಖ್ಯವಾಗುವುದು ಪುರಾವೆ.

ಆ ಪುರಾವೆ ಸಿಗುವುದು ಪ್ರಾಯೋಗಿಕ ಅಳವಡಿಕೆಯಿಂದ. ಆದರೆ ಸೋಲನ್ನು ಗುರುತಿಸುವ ಅಳತೆಗೋಲನ್ನು ಆರಂಭದಲ್ಲಿಯೇ ಬರೆದಿಡದ ಪ್ರಯೋಗವು ಗೆಲ್ಲುವುದೂ ಇಲ್ಲ, ಸೋಲುವುದೂ ಇಲ್ಲ; ವರ್ಷಗಟ್ಟಲೆ ಎರಡು ಯಂತ್ರಗಳ ಮೇಲೆ ಸುಮ್ಮನೆ ಮುಂದುವರಿಯುತ್ತದೆ. ದೋಷಯುಕ್ತ ಬಿಡಿಭಾಗಗಳನ್ನು ಗುರುತಿಸುವ ಕ್ಯಾಮೆರಾವನ್ನು ಮೂರು ತಿಂಗಳು ಪರೀಕ್ಷಿಸುವುದಾದರೆ, ಅದರ ಕಣ್ತಪ್ಪಿದ ದೋಷಗಳೆಷ್ಟು, ಒಳ್ಳೆಯ ಮಾಲನ್ನು ತಪ್ಪಾಗಿ ತಿರಸ್ಕರಿಸಿದ್ದೆಷ್ಟು ಎಂಬೆರಡು ಅಂಕಿಗಳಿಗೂ ಮಿತಿ ಹಾಕಿ, ಮಿತಿ ಮೀರಿದರೆ ನಿಲ್ಲಿಸುವ ಅಧಿಕಾರ ಯಾರದು ಎಂಬುದನ್ನೂ ಹೆಸರಿಸಿರಬೇಕು. ಎರಡನೆಯ ಅಂಕಿಯನ್ನು ಕೇಳಲು ಹೆಚ್ಚಿನವರು ಮರೆಯುತ್ತಾರೆ, ಆದರೆ ತಿರಸ್ಕೃತ ಒಳ್ಳೆಯ ಮಾಲನ್ನು ಮತ್ತೆ ಕೈಯಿಂದ ಆರಿಸುವ ಖರ್ಚು ಕ್ಯಾಮೆರಾದ ಲಾಭವನ್ನೆಲ್ಲ ನುಂಗಬಲ್ಲದು. ಬೆಲೆಯ ಲೆಕ್ಕದಲ್ಲಿಯೂ ಯಂತ್ರದ ದರದ ಜೊತೆ ವಾರ್ಷಿಕ ಲೈಸೆನ್ಸ್ ಶುಲ್ಕ, ನಿರ್ವಹಣೆಯ ಗುತ್ತಿಗೆ, ತರಬೇತಿಯ ದಿನಗಳಲ್ಲಿ ನಷ್ಟವಾಗುವ ಉತ್ಪಾದನೆ ಮತ್ತು ಒಪ್ಪಂದ ಮುಗಿದಾಗ ಮಾಹಿತಿಯನ್ನು ಬಳಸಬಲ್ಲ ರೂಪದಲ್ಲಿ ಹಿಂಪಡೆಯುವ ಹಕ್ಕು ಸೇರಬೇಕು. ಸ್ವಂತ ಹಣ ತೊಡಗಿಸುವ ಮುನ್ನ ಇಂತಹ ವ್ಯವಸ್ಥೆಗಳನ್ನು ಕಣ್ಣಾರೆ ನೋಡಲು ಬಯಸುವವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಯಲ್ಲಿಯೂ (ಸಿಎಂಟಿಐ) ಕೇಂದ್ರ ಸರ್ಕಾರದ ‘ಸಮರ್ಥ್’ ಯೋಜನೆಯ ಕೇಂದ್ರಗಳಿವೆ.

ಜಾಲಕ್ಕೆ ಸೇರಿದ ಪ್ರತಿಯೊಂದು ಯಂತ್ರವೂ ಭದ್ರತೆಯ ಹೊಣೆಯನ್ನು ಹೊತ್ತು ತರುತ್ತದೆ. 2022ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ಹೊರಡಿಸಿದ ನಿರ್ದೇಶನಗಳ ಪ್ರಕಾರ ನಿಗದಿತ ಬಗೆಯ ಸೈಬರ್ ಘಟನೆಗಳನ್ನು, ಅವು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕು ಮತ್ತು ಗಣಕಗಳ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು. ಒಬ್ಬರೇ ಗಣಕ ಸಿಬ್ಬಂದಿಯಿರುವ ಸಂಸ್ಥೆಯಲ್ಲಿ ಅವರು ರಜೆಯಲ್ಲಿದ್ದಾಗ ಈ ಕೆಲಸ ಯಾರದು ಎಂಬುದಕ್ಕೆ ಯೋಜನೆಯಲ್ಲಿ ಉತ್ತರವಿರಬೇಕು. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ಬಾಗಿಲು ತೆರೆದುಕೊಂಡಿದೆ: ಗ್ರಾಹಕರ ನಕ್ಷೆ ಮತ್ತು ದರಪಟ್ಟಿಗಳನ್ನು ಸಿಬ್ಬಂದಿ ತಮ್ಮ ಖಾಸಗಿ ಖಾತೆಗಳಿಂದ ಇಂತಹ ಸೇವೆಗಳಿಗೆ ಅಂಟಿಸಬಹುದು. ಬರೀ ನಿಷೇಧದಿಂದ ಅದು ನಿಲ್ಲುವುದು ಕಷ್ಟ. ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಎಂಬ ಒಂದು ಪುಟದ ನಿಯಮ ಮತ್ತು ಸಂಸ್ಥೆಯೇ ಒದಗಿಸಿದ ಖಾತೆ ಹೆಚ್ಚು ಕೆಲಸಕ್ಕೆ ಬರುತ್ತವೆ.

ಕೊಳ್ಳಬೇಕಾದವುಗಳ ಪಟ್ಟಿಯ ಪಕ್ಕದಲ್ಲಿ ಸದ್ಯಕ್ಕೆ ಕೊಳ್ಳದವುಗಳ ಪಟ್ಟಿಯೂ ಇರುವುದು ಇಂತಹ ಯೋಜನೆಯ ಪ್ರೌಢಿಮೆಯ ಲಕ್ಷಣ. ಕಾರ್ಖಾನೆಯೊಳಗಿನ ಖಾಸಗಿ 5ಜಿ ಜಾಲವನ್ನೋ, ಇಡೀ ಘಟಕದ ಪ್ರತಿರೂಪವನ್ನು ಗಣಕದಲ್ಲಿ ನಿರ್ಮಿಸುವ ಡಿಜಿಟಲ್ ಟ್ವಿನ್ ವ್ಯವಸ್ಥೆಯನ್ನೋ ಅದರಲ್ಲಿ ನಮೂದಿಸಿ, ಈಗಿರುವ ವೈ-ಫೈ ಸಾಲದೆ ಬರುವುದು ಅಥವಾ ಎಲ್ಲ ಯಂತ್ರಗಳ ದಾಖಲೆ ಒಂದು ವರ್ಷ ನಿರಂತರವಾಗಿ ಸಿಗುವುದು ಮುಂತಾದ ಮರುಪರಿಶೀಲನೆಯ ಷರತ್ತುಗಳನ್ನು ಪ್ರತಿಯೊಂದರ ಎದುರಿಗೂ ಬರೆದಿಟ್ಟರೆ, ಪ್ರತಿ ಕೈಗಾರಿಕಾ ಮೇಳದ ನಂತರವೂ ಅದೇ ಚರ್ಚೆಯನ್ನು ಮೊದಲಿನಿಂದ ನಡೆಸುವ ಶ್ರಮ ಆಡಳಿತ ಮಂಡಳಿಗೆ ತಪ್ಪುತ್ತದೆ.